ಪಿಕಪ್ ಡೈನಮೋ ಮನ್ಯಾಗ ಬದಲಿ ಮಾಡಿದೆ, ಹಿಂದಿನ ವ್ಯಾಕ್ಯೂಮ್ ಪಂಪ್ ಮಾತ್ರ ಮರೀಬ್ಯಾಡ್ರಿ

ಭೋಸರಿ ಪಿಕಪ್

ನಮಸ್ಕಾರ್ರಿ ಎಲ್ಲಾರಿಗೂ. ನಾ ಮೂಲ ವಿಜಯಪುರ ಕಡೆಯಾವ, ಹನ್ನೊಂದು ವರ್ಷ ಆತು ಪುಣೆದಾಗ ಭೋಸರಿಯೊಳಗ ಇದ್ದೀನಿ. ಹಳೇ ಡೀಸೆಲ್ ಪಿಕಪ್ ಐತಿ, ಮೀಟರ್ ಎರಡು ಲಕ್ಷ ದಾಟೇತಿ, ರಾತ್ರಿ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ಕಾಯಿಪಲ್ಲೆ ತುಂಬಿ ಪಿಂಪ್ರಿ ಚಿಂಚ್ವಡ್ ಅಂಗಡಿಗೋಳಿಗೆ ಇಳಸ್ತೀನಿ. ಹೋದ ಐತವಾರ ಗಾಡಿ ಡೈನಮೋ ನಾನ ಬಿಚ್ಚಿ ಬ್ಯಾರೆ ಹಾಕಿದೆ. ಆಲ್ಟರ್ನೇಟರ್ ಅನ್ನೋದು ಖರೇ ಹೆಸರು, ಆದ್ರ ಗ್ಯಾರೇಜಿನ್ಯಾಗ ಡೈನಮೋ ಅಂದ್ರನ ತಿಳೀತೈತಿ. ಕೆಲಸಕ್ಕ ಕೈ ಹಚ್ಚೋಕಿಂತ ಮೊದಲ ಹತ್ತು ವಿಡಿಯೋ ನೋಡಿದೆ, ಎಲ್ಲಾ ಪೆಟ್ರೋಲ್ ಕಾರಿಂದು, ಬೆಲ್ಟ್ ತೆಗಿ, ಎರಡು ಬೋಲ್ಟ್ ತೆಗಿ, ಮುಗೀತು ಅಂತಾರ. ನಮ್ಮ ಪಿಕಪ್‌ದಾಗ ಹಂಗಿಲ್ರಿ. ಡೈನಮೋ ಬೆನ್ನಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ (ಗಾಳಿ ಜಗ್ಗಿ ಬ್ರೇಕ್ ಪೆಡಲ್ ಹಗುರ ಮಾಡೋದು) ಕುಂತಿರ್ತೈತಿ, ಅದಕ್ಕ ಇಂಜಿನ್ ಆಯಿಲ್ ಬರೋ ಪೈಪ್ ಬ್ಯಾರೆ, ಹೋಗೋ ಪೈಪ್ ಬ್ಯಾರೆ. ಅಂದ್ರ ಇದು ಬರೇ ಕರೆಂಟಿನ ಕೆಲಸ ಅಲ್ಲ, ಬ್ರೇಕಿನ ಕೆಲಸನೂ ಹೌದು. ಇದನ್ನ ಯಾರೂ ಬಿಡಿಸಿ ಹೇಳಿದ್ದು ನನಗ ಸಿಗಲಿಲ್ಲ, ಅದಕ್ಕ ಬರೀಲಿಕತ್ತೀನಿ, ಉದ್ದ ಆದ್ರ ತಡಕೋರಿ.

ಶುರು ಹೆಂಗಾತಂದ್ರ, ಮಳಿ ರಾತ್ರಿ, ಎರಡು ಗಂಟೆ ಆಗಿರಬೇಕು, ದಾಪೋಡಿ ಹ್ಯಾರಿಸ್ ಬ್ರಿಜ್ ದಾಟಿ ಖಡಕಿ ಕಡೆ ಹೊಂಟಿದ್ದೆ. ಮೊದಲ ವೈಪರ್ ಸಾವಕಾಶ ಆತು. ಮಳಿ ಜೋರಾಗೇತಿ, ಅದಕ್ಕ ಹಂಗ ಅನಸ್ತೈತಿ ಅಂದ್ಕೊಂಡೆ. ಆಮ್ಯಾಲೆ ಹೆಡ್‌ಲೈಟ್ ಹಳದಿ ಆತು, ಎಕ್ಸಲೇಟರ್ ಒತ್ತಿದ್ರ ತುಸು ಬೆಳಕು, ಬಿಟ್ರ ಮತ್ತ ಮಂಕು. ಮೀಟರಿನ್ಯಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಪೂರಾ ಹತ್ತಿರಲಿಲ್ಲ, ಕೆಂಡ ಬೂದಿಯೊಳಗ ಇದ್ದಂಗ ಮಿಣಿ ಮಿಣಿ ಅಂತಿತ್ತು, ಹಗಲಾಗಿದ್ರ ಕಾಣತಿರಲಿಲ್ಲ. ಇಂಜಿನ್ ಬಂದ್ ಮಾಡಲಿಲ್ಲ, ಬ್ಲೋವರ್ ಟೇಪ್ ಎಲ್ಲಾ ಆರಿಸಿ ಯಾರ್ಡಿಗೆ ಮುಟ್ಟಿದೆ. ಮಾಲು ತುಂಬೋ ತನಕ ಇಂಜಿನ್ ಚಾಲೂನ ಇಟ್ಟಿದ್ದೆ. ಮುಂಜಾನೆ ಮನಿಗೆ ಬಂದು ಬಂದ್ ಮಾಡಿ ಮತ್ತ ಸೆಲ್ಫ್ ಹೊಡದ್ರ ಟಕ್ ಅಂತು, ಅಷ್ಟ.

ಬ್ಯಾಟರಿ ಬಿಚ್ಚಿ ಚಾರ್ಜರಿಗೆ ಹಾಕಿದೆ, ರಾತ್ರಿ ಪೂರಾ. ಮರುದಿನ ಮೀಟರ್ ಹಿಡಿದ್ರ 12.6 ವೋಲ್ಟ್, ಅಂದ್ರ ಬ್ಯಾಟರಿ ಚಲೋ ಐತಿ. ಗಾಡಿ ಸ್ಟಾರ್ಟ್ ಮಾಡಿ ಮತ್ತ ಹಿಡಿದೆ. 14ರ ಆಸುಪಾಸು ಬರಬೇಕಿತ್ತು, 12.3 ಬಂತು, ಲೈಟ್ ಹಾಕಿದ ಕೂಡಲೇ 12ರ ಕೆಳಗ ಇಳೀಲಿಕತ್ತು. ಬೆಲ್ಟ್ ನೋಡಿದೆ, ಬಿಗಿ ಇತ್ತು, ಸಿರ್ರ್ ಅಂತ ಸದ್ದೂ ಇಲ್ಲ. ಹತ್ರದ ಎಲೆಕ್ಟ್ರಿಷಿಯನ್ ಎರಡು ದಿನ ಗಾಡಿ ಬಿಡ್ರಿ ಅಂದ. ಎರಡು ದಿನ ಗಾಡಿ ನಿಂತ್ರ ಅಂಗಡಿಯವ್ರು ಬ್ಯಾರೆ ಗಾಡಿ ಹಿಡೀತಾರ, ಒಮ್ಮೆ ಹೋದ ಗಿರಾಕಿ ತಿರುಗಿ ಬರೋದು ಕಷ್ಟ. ಅದಕ್ಕ ನಾನಾ ಪೇಠಕ್ಕ ಹೋಗಿ ಹೊಸಾದು ತಂದು ನಾನ ಹಾಕಿದೆ.

ಕುರ್ಲಾ ವಯರಿಂಗ್

ಚಂದ ಬರೆದಿದ್ದೀರಿ ಮಾರಾಯ್ರೆ. ನಾನು ಮುಂಬೈ ಕುರ್ಲಾದಲ್ಲಿ, ಸಿಎಸ್‌ಟಿ ರೋಡಿನ ಒಂದು ಗಾಳಾದಲ್ಲಿ (ಸಣ್ಣ ವರ್ಕ್‌ಶಾಪ್ ಕೋಣೆ) 34 ವರ್ಷ ಗಾಡಿಗಳ ಕರೆಂಟಿನ ಕೆಲಸ ಮಾಡಿದವ, ಊರು ಕಾರ್ಕಳದ ಹತ್ತಿರ, ಈಗ ಕಣ್ಣು ಸರಿ ಇಲ್ಲ ಅಂತ ಮನೆಯಲ್ಲೇ ಇದ್ದೇನೆ. ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. 12.3 ಬಂತು ಅಂತ ನೀವು ಹಿಡಿದದ್ದು ಬ್ಯಾಟರಿ ಮೇಲೆ. ಡೈನಮೋ ಮೇಲೆ ಹಿಡಿದ್ರಾ? ಎಷ್ಟೋ ಗಾಡಿಯಲ್ಲಿ ಡೈನಮೋ 14.4 ಕೊಡ್ತಾ ಇರ್ತದೆ, ಅದು ಬ್ಯಾಟರಿಗೆ ಮುಟ್ಟೋದಿಲ್ಲ. ನಡುವೆ ವಯರಿನ ಲಗ್ (ತುದಿಯ ಲೋಹದ ಬಳೆ) ಒಳಗೆ ಕಿಲುಬು ಹಿಡಿದಿರ್ತದೆ, ಇಲ್ಲ ಇಂಜಿನ್‌ನಿಂದ ಚಾಸಿಗೆ ಬರೋ ಅರ್ಥಿಂಗ್ ಪಟ್ಟಿ ತುಂಡಾಗಿರ್ತದೆ. ಜನ ಹೊಸ ಡೈನಮೋ ಹಾಕ್ತಾರೆ, ಅದೇ ತೊಂದರೆ, ಮತ್ತೆ ಅಂಗಡಿಯವನ ಹತ್ರ ಜಗಳ.

ನೋಡೋ ಕ್ರಮ ಹೀಗೆ. ಇಂಜಿನ್ ಚಾಲೂ, ಹೆಡ್‌ಲೈಟ್ ಬ್ಲೋವರ್ ಎಲ್ಲ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಡೈನಮೋದ ಬಿ ಪ್ಲಸ್ ಬೋಲ್ಟ್ (ಬ್ಯಾಟರಿಗೆ ಹೋಗೋ ದಪ್ಪ ವಯರ್ ಕೂರೋ ಬೋಲ್ಟ್) ಮೇಲೆ. 0.2, ಹೆಚ್ಚಂದ್ರೆ 0.3 ವೋಲ್ಟ್ ತೋರಿಸಬೇಕು. ಅದಕ್ಕಿಂತ ಜಾಸ್ತಿ ಬಂತಾ, ವಯರಿನಲ್ಲಿ ಕಳ್ಳ ಇದ್ದಾನೆ ಅಂತ. ಹಾಗೆಯೇ ಡೈನಮೋ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಹಿಡಿದು ನೋಡಿ, ಅಲ್ಲೂ 0.2 ದಾಟಬಾರದು. ಇವೆರಡೂ ಸರಿ ಇದ್ದು ಬ್ಯಾಟರಿ ಮೇಲೆ ವೋಲ್ಟ್ ಬರದಿದ್ರೆ ಮಾತ್ರ ಡೈನಮೋ ಮೇಲೆ ಕೈ ಹಾಕಿ. ಒಂದು ಎಚ್ಚರ, ಬೆಲ್ಟ್ ಫ್ಯಾನ್ ತಿರುಗ್ತಾ ಇರ್ತದೆ, ಮೀಟರಿನ ವಯರ್, ಅಂಗಿಯ ತೋಳು ಅದರ ಹತ್ರ ಹೋಗಬಾರದು.

ಭೋಸರಿ ಪಿಕಪ್

ಖರೇ ಹೇಳಿದ್ರಿ ಕಾಕಾ. ನಾ ಅದನ್ನ ಬರೀಲಿಲ್ಲ, ಆದ್ರ ಬಿ ಪ್ಲಸ್ ಮ್ಯಾಲೂ ಹಿಡಿದಿದ್ದೆ, ಅಲ್ಲೂ 12.4 ಇತ್ತು. ಅರ್ಥಿಂಗ್ ಕಡೆ ಹಿಡಿದಿರಲಿಲ್ಲ. ಹಿಡೀಬೇಕಿತ್ತು.

ಚಾಕಣ್ ನೈಟ್

ಇಷ್ಟೆಲ್ಲಾ ಮೀಟರ್ ಯಾಕ್ ಬೇಕ್ರಿ ಅಣ್ಣಾರ. ನಮ್ ಕಂಪನಿ ಗೇಟ್ ಹತ್ರ ನಿಲ್ಲೋ ಗಾಡಿಯವ್ರು ಏನ್ ಮಾಡ್ತಾರ ಅಂದ್ರ, ಗಾಡಿ ಚಾಲೂ ಇದ್ದಾಗನ ಬ್ಯಾಟರಿ ಟರ್ಮಿನಲ್ ಕಿತ್ತು ನೋಡ್ತಾರ. ಇಂಜಿನ್ ಬಂದ್ ಬಿತ್ತು ಅಂದ್ರ ಡೈನಮೋ ಹೋಗೇತಿ, ಓಡ್ತಾನ ಇತ್ತು ಅಂದ್ರ ಚಲೋ ಐತಿ. ಒಂದು ನಿಮಿಷದ ಕೆಲಸ.

ಕುರ್ಲಾ ವಯರಿಂಗ್

ದಯವಿಟ್ಟು ಹಾಗೆ ಮಾಡಬೇಡಿ. ಕೈ ಮುಗಿದು ಹೇಳ್ತೇನೆ. ಡೈನಮೋ ಕೆಲಸ ಮಾಡ್ತಾ ಇರುವಾಗ ಬ್ಯಾಟರಿ ಕಿತ್ತರೆ ಅಷ್ಟೂ ಕರೆಂಟಿಗೆ ಹೋಗ್ಲಿಕ್ಕೆ ಜಾಗ ಇರೋದಿಲ್ಲ, ವೋಲ್ಟೇಜ್ ಒಮ್ಮೆಲೇ ಚಿಮ್ಮುತ್ತದೆ. ಡೈನಮೋದ ಡಯೋಡ್ ಹೋಗ್ತದೆ, ಕಟೌಟ್ (ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್) ಹೋಗ್ತದೆ, ಬಲ್ಬ್ ಹೋಗ್ತದೆ, ಕಾಮನ್ ರೇಲ್ ಗಾಡಿ (ಕರೆಂಟಿನಿಂದ ಡೀಸೆಲ್ ಬಿಡೋ ಇಂಜಿನ್) ಆದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋದೀತು, ಅದರ ರೇಟು ಕೇಳಿದ್ರೆ ನಾಲ್ಕು ಡೈನಮೋ ಬರ್ತದೆ. ಹಳೆಯ ಕಾಲದ ಡೈನಮೋ ಇದ್ದಾಗ ನಡೀತಿದ್ದ ಪದ್ಧತಿ ಅದು. ಇನ್ನೊಂದು, ಆ ಟೆಸ್ಟಿನಿಂದ ಏನೂ ಗೊತ್ತಾಗೋದೂ ಇಲ್ಲ. ಮೆಕ್ಯಾನಿಕಲ್ ಪಂಪಿನ ಡೀಸೆಲ್ ಇಂಜಿನ್ನಿಗೆ ಓಡ್ಲಿಕ್ಕೆ ಕರೆಂಟೇ ಬೇಡ. ಕೇಬಲ್ ಎಳೆದು ಬಂದ್ ಮಾಡೋ ಗಾಡಿ ಆದ್ರೆ ಡೈನಮೋ ಸತ್ತು ತಿಂಗಳಾದ್ರೂ ಓಡ್ತಾನೇ ಇರ್ತದೆ. ಓಡಿತು ಅಂತ ಡೈನಮೋ ಸರಿ ಇದೆ ಅಂತ ಹೇಗೆ ಹೇಳ್ತೀರಿ? 200-300 ರೂಪಾಯಿಗೆ ಮೀಟರ್ ಸಿಗ್ತದೆ, ಸೀಟಿನ ಕೆಳಗೆ ಇಟ್ಕೊಳ್ಳಿ.

ಚಾಕಣ್ ನೈಟ್

ಗೊತ್ತಿರಲಿಲ್ರಿ ಹಿರಿಯರ. ಅವ್ರಿಗೂ ಹೇಳ್ತೀನಿ.

ವಾಸ್ಕೋ ಮೀನ್ ಗಾಡಿ

ಭೋಸರಿ ಅಣ್ಣಾರ, ಬಿಚ್ಚಿದ್ದು ಹಾಕಿದ್ದು ಪೂರಾ ಬರೀರಿ. ನಾ ಹಾವೇರಿಯಾವ, ಗೋವಾದಾಗ ವಾಸ್ಕೋದಿಂದ ಮೀನ್ ಹೊಡೀತೀನಿ, ನಂದೂ ಅಂಥಾದ್ದ ಪಿಕಪ್. ಬ್ಯಾಟರಿ ದಿನಾ ಮುಂಜಾನೆ ಸತ್ತಿರ್ತೈತಿ, ತಳ್ಳಿ ಸ್ಟಾರ್ಟ್ ಮಾಡ್ತೀನಿ. ಮೀನಿನ ಬರ್ಫದ ನೀರು, ಸಮುದ್ರದ ಗಾಳಿ, ಎಲ್ಲಾ ಟರ್ಮಿನಲ್ ಹಸಿರು ಆಗಿ ಕುಂತಾವ.

ಭೋಸರಿ ಪಿಕಪ್

ಬರೀತೀನ್ರಿ. ಮೊದಲ ಬ್ಯಾಟರಿ ಮೈನಸ್ ಟರ್ಮಿನಲ್ ಬಿಚ್ಚಿ ದೂರ ಸರಿಸಿ ಇಡ್ರಿ. ಬಿ ಪ್ಲಸ್ ವಯರ್ ಸೀದಾ ಬ್ಯಾಟರಿಯಿಂದ ಬರೋದು, ಕೀಲಿ ತೆಗೆದ್ರೂ ಅದರಾಗ ಕರೆಂಟ್ ಇರ್ತೈತಿ, ಪಾನಾ ತಗಲಿ ಬಾಡಿಗೆ ಮುಟ್ತಂದ್ರ ವೆಲ್ಡಿಂಗ್ ಹೊಡದಂಗ ಕಿಡಿ ಬರ್ತಾವ. ಆಮ್ಯಾಲೆ ಡೈನಮೋ ವಯರ್ ಎಲ್ಲಾ ಫೋಟೋ ತಗೊಂಡೆ. ದಪ್ಪಂದು ಬಿ ಪ್ಲಸ್, ಸಣ್ಣದು ಎಲ್, ಅದು ಮೀಟರಿನ ಕೆಂಪು ದೀಪಕ್ಕ ಹೋಗ್ತೈತಿ.

ಬೆಲ್ಟ್ ಸಡಿಲ ಮಾಡೋದು ಗೊತ್ತೇ ಐತಿ, ಮ್ಯಾಲಿನ ಉದ್ದ ತೂತಿನ ಪಟ್ಟಿ ಬೋಲ್ಟ್ ಸಡಲಿಸಿ ಡೈನಮೋ ಇಂಜಿನ್ ಕಡೆ ನೂಕಿದ್ರ ಬೆಲ್ಟ್ ಬರ್ತೈತಿ. ಬೆಲ್ಟಿನ ಒಳಮೈ ಬಿರಿದಿತ್ತು, ಅದನ್ನೂ ಹೊಸಾದು ಹಾಕಿದೆ.

ಈಗ ಹಿಂದಿನ ಪಂಪ್. ಅದಕ್ಕ ಮೂರು ಪೈಪ್ ಅದಾವ. ಒಂದು ವ್ಯಾಕ್ಯೂಮ್ ಹೋಸ್, ಬ್ರೇಕ್ ಬೂಸ್ಟರಿಗೆ (ಪೆಡಲ್ ಒತ್ತಿಗೆ ಬಲ ಕೂಡಿಸೋ ಡಬ್ಬಿ) ಹೋಗ್ತೈತಿ. ಹಳೇ ರಬ್ಬರ್ ಕಲ್ಲಾಗಿರ್ತೈತಿ, ಜಗ್ಗಿದ್ರ ತುದಿ ಸೀಳ್ತೈತಿ, ತಿರುವಿ ತಿರುವಿ ಬಿಡಿಸ್ಬೇಕು. ಎರಡನೇದು ಆಯಿಲ್ ಬರೋ ಸಣ್ಣ ಪೈಪ್, ಬ್ಯಾಂಜೋ ಬೋಲ್ಟಿಂದು (ಒಳಗ ತೂತಿದ್ದು ಆಯಿಲ್ ಹರಿಯೋ ಬೋಲ್ಟ್), ಬೋಲ್ಟಿನ ಆಕಡೆ ಒಂದು ಈಕಡೆ ಒಂದು ತಾಮ್ರದ ವಾಷರ್. ಕೆಳಗ ಬಿದ್ದು ಕಳದ್ರ ಸಿಗಂಗಿಲ್ಲ, ಹೊಸಾವು ಎರಡು ಮೊದಲ ತಂದಿಟ್ಟುಕೋರಿ, ಹಳೇವು ಒಮ್ಮೆ ಒತ್ತಿ ಚಪ್ಪಟ್ಯಾಗಿರ್ತಾವ, ಮತ್ತ ಹಾಕಿದ್ರ ಆಯಿಲ್ ಜಿನುಗ್ತೈತಿ. ಮೂರನೇದು ಆಯಿಲ್ ವಾಪಸ್ ಹೋಗೋ ದಪ್ಪ ಹೋಸ್. ಅದನ್ನ ಬಿಚ್ಚಿದ್ರ ಆಯಿಲ್ ಸುರೀತೈತಿ, ಕೆಳಗ ಡಬ್ಬಿ ಇಡ್ರಿ. ಬಿಚ್ಚಿದ ಪೈಪ್‌ಗೋಳ ಬಾಯಿಗೆ ಸ್ವಚ್ಛ ಅರಿವಿ ತುರುಕಿದೆ, ಮಣ್ಣು ಹೋಗಬಾರದು.

ಕೆಳಗಿನ ಉದ್ದ ಬೋಲ್ಟ್ ತುಕ್ಕು ಹಿಡದು ಹಂದಾಡಲಿಲ್ಲ, ಹಿಂದಿನ ರಾತ್ರಿನ ತುಕ್ಕು ಬಿಡಿಸೋ ಎಣ್ಣಿ ಹೊಡದಿದ್ದಿದ್ರ ಛಲೋ ಇತ್ತು. ಅರ್ಧ ತಾಸು ಅದಕ್ಕ ಹೋತು. ಡೈನಮೋ ಹೊರಗ ಬಂದ ಮ್ಯಾಲೆ ಕೈಯಾಗ ಹಿಡದು ಪುಲ್ಲಿ ತಿರುವಿದೆ, ಗರಗರ ಅಂತಿತ್ತು, ಬೇರಿಂಗೂ ಹೋಗಿತ್ತು.

ಪನ್ವೇಲ್ ಟೆಂಪೊ

ಅಣ್ಣ, ಹೊಸದಕ್ಕೂ ಹಳೇದಕ್ಕೂ ಪುಲ್ಲಿ ಒಂದೇ ಇತ್ತಾ? ನಾವು ಹಾಸನದವ್ರು, ಪನ್ವೇಲ್‌ನಲ್ಲಿ ಮೂರು ಗಾಡಿ ಇದೆ, ನಮ್ಮವ್ರು ಹೋದ್ಮೇಲೆ ನಾನೇ ನೋಡ್ಕೊತೀನಿ. ಒಂದು ಸಲ ಅಂಗಡಿಯವ್ರು ಬೇರೆ ಪುಲ್ಲಿದು ಕೊಟ್ಟು ಡ್ರೈವರ್ ಹಾಗೇ ಹಾಕಿ ಬೆಲ್ಟ್ ಹತ್ತು ದಿನಕ್ಕೆ ಹರಿದು ಹೋಗಿತ್ತು. ಆಮೇಲೆ ಬಿಲ್ ತಗೊಂಡ್ರಾ?

ಭೋಸರಿ ಪಿಕಪ್

ಒಳ್ಳೇ ಮಾತು ಕೇಳಿದ್ರಿ ಅಕ್ಕಾರ. ನಾ ಹಳೇದನ್ನ ಚೀಲದಾಗ ಹಾಕ್ಕೊಂಡ ಹೋಗಿದ್ದೆ, ಫೋಟೋ ತೋರಿಸಿ ತರಲಿಲ್ಲ. ಅಂಗಡಿ ಕಟ್ಟಿ ಮ್ಯಾಲೆ ಎರಡೂ ಬಾಜೂಕ ಇಟ್ಟು ನೋಡಿದೆ. ಪ್ಲೇಟ್ ಮ್ಯಾಲಿನ ವೋಲ್ಟ್, ಆಂಪ್ಸ್ ಒಂದ ಇರಬೇಕು, ಬೋಲ್ಟ್ ಹಾಕೋ ಕಿವಿಗಳ ಅಂತರ ಒಂದ ಇರಬೇಕು, ಪಂಪಿನ ಪೈಪ್ ಮೂತಿ ಒಂದ ದಿಕ್ಕಿಗಿರಬೇಕು. ಮೊದಲ ಕೊಟ್ಟಿದ್ದರಾಗ ಆಯಿಲ್ ಮೂತಿ ಬ್ಯಾರೆ ಕಡೆ ಇತ್ತು, ವಾಪಸ್ ಕೊಟ್ಟು ಬ್ಯಾರೆ ತೆಗಿಸಿದೆ. ಪುಲ್ಲಿ ಹಳೇದರದ್ದನ್ನ ಅವರ ಗನ್ ಹಚ್ಚಿ ಬಿಚ್ಚಿ ಹೊಸಾದಕ್ಕ ಹಾಕಿಕೊಟ್ರು, ಮನ್ಯಾಗ ಆ ನಟ್ ಬಿಚ್ಚೋದು ಆಗಂಗಿಲ್ಲ. ಬಿಲ್ ತಗೊಂಡೀನಿ, ವಾರಂಟಿ ಬೇಕಂದ್ರ ಅದ ಬೇಕು. 2025 ಸೆಪ್ಟೆಂಬರ್ 22ರಿಂದ ಬಿಡಿಭಾಗದ ಜಿಎಸ್‌ಟಿ 28ರಿಂದ 18ಕ್ಕ ಇಳದೈತಿ, ಬಿಲ್ಲಿನ್ಯಾಗ 18ನ ಹಾಕ್ಯಾರೇನು ನೋಡ್ರಿ.

ಪನ್ವೇಲ್ ಟೆಂಪೊ

ಥ್ಯಾಂಕ್ಸ್ ಅಣ್ಣ. ಇನ್ನೊಂದು ಕೇಳ್ಬೇಕಿತ್ತು, ಕುರ್ಲಾ ಮಾಮ ಇದ್ರೆ ಹೇಳಿ. ನಮ್ಮ ಎರಡನೇ ಗಾಡೀಲಿ ಬ್ಯಾಟರಿ ದೀಪ ಬರೋದೇ ಇಲ್ಲ, ಕೀ ಹಾಕಿದಾಗಲೂ ಇಲ್ಲ, ಓಡುವಾಗಲೂ ಇಲ್ಲ. ಡ್ರೈವರ್ ಹೇಳ್ತಾನೆ ದೀಪ ಬರ್ತಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ. ಆದ್ರೆ ಬ್ಯಾಟರಿ ವರ್ಷಕ್ಕೆ ಎರಡು ಹೋಯ್ತು.

ಕುರ್ಲಾ ವಯರಿಂಗ್

ಅಮ್ಮಾ, ಆ ದೀಪ ಬರೇ ಎಚ್ಚರಿಕೆಗೆ ಅಲ್ಲ, ಅದನ್ನು ಡ್ರೈವರಿಗೆ ಹೇಳಿ. ಡೈನಮೋ ಒಳಗೆ ತಿರುಗೋ ರೋಟರ್ ಉಂಟಲ್ಲ, ಅದು ಅಯಸ್ಕಾಂತ ಆಗ್ಲಿಕ್ಕೆ ಮೊದಲು ಸ್ವಲ್ಪ ಕರೆಂಟ್ ಬೇಕು. ಹೆಚ್ಚಿನ ಹಳೇ ಗಾಡಿಯಲ್ಲಿ ಆ ಕರೆಂಟ್ ಬರೋದೇ ಮೀಟರಿನ ಆ ಸಣ್ಣ ಬಲ್ಬಿನ ಮೂಲಕ. ಬಲ್ಬ್ ಹೋಗಿದ್ರೆ ಡೈನಮೋ ಎಬ್ಬಿಸುವವರು ಯಾರೂ ಇಲ್ಲ. ಕೆಲವು ಸಲ ಇಂಜಿನ್ ಜೋರು ರೇಸ್ ಮಾಡಿದ್ರೆ ಒಳಗೆ ಉಳಿದಿರೋ ಚೂರು ಅಯಸ್ಕಾಂತ ಶಕ್ತಿಯಿಂದ ತಾನೇ ಏಳ್ತದೆ, ನಿಧಾನ ಓಡಿಸಿದ್ರೆ ಏಳೋದೇ ಇಲ್ಲ. ಹಾಗಾಗಿ ಒಂದು ದಿನ ಚಾರ್ಜ್ ಆಗ್ತದೆ, ಒಂದು ದಿನ ಇಲ್ಲ, ಬ್ಯಾಟರಿ ಅರ್ಧ ಹೊಟ್ಟೆಯಲ್ಲೇ ಸಾಯ್ತದೆ. ಕೀ ಹಾಕಿದಾಗ ದೀಪ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಎರಡೂ ಆಗಬೇಕು. ಮೊದಲು ಬಲ್ಬ್ ನೋಡಿಸಿ, ಆಮೇಲೆ ಎಲ್ ವಯರ್ ತುಂಡಾಗಿದೆಯಾ ನೋಡಿಸಿ. ಡೈನಮೋ ಬದಲಿಸ್ಲಿಕ್ಕೆ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ, ಇದಾದ ಮೇಲೆ ಮಾತ್ರ.

ವಾಸ್ಕೋದವರಿಗೆ. ನಿಮ್ಮದು ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯೋದಾದ್ರೆ ಡಯೋಡ್ ಮೇಲೆ ನನಗೆ ಸಂಶಯ. ಡೈನಮೋ ಒಳಗೆ ಹುಟ್ಟೋದು ಮೂರು ಫೇಸ್ ಎಸಿ, ಅದನ್ನು ಡಿಸಿ ಮಾಡೋದು ಡಯೋಡ್. ಒಂದು ಡಯೋಡ್ ಶಾರ್ಟ್ ಆದ್ರೆ ಗಾಡಿ ನಿಂತಾಗ ಬ್ಯಾಟರಿ ಕರೆಂಟ್ ಹಿಂದಕ್ಕೆ ಡೈನಮೋ ಒಳಗೇ ಸೋರಿ ಹೋಗ್ತದೆ. ರಾತ್ರಿ ಗಾಡಿ ನಿಲ್ಲಿಸಿ ಎರಡು ಗಂಟೆ ಬಿಟ್ಟು ಡೈನಮೋ ಮುಟ್ಟಿ ನೋಡಿ, ಇಂಜಿನ್ ತಣ್ಣಗಾಗಿದ್ದೂ ಡೈನಮೋ ಬೆಚ್ಚಗಿದ್ರೆ ಅದೇ ಕಳ್ಳ. ಇನ್ನೊಂದು, ಇಂಜಿನ್ ಚಾಲೂ ಇಟ್ಟು ಮೀಟರ್ ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡೀರಿ, ಅರ್ಧ ವೋಲ್ಟಿಗಿಂತ ಜಾಸ್ತಿ ಎಸಿ ಬಂದ್ರೆ ಡಯೋಡ್ ಸರಿ ಇಲ್ಲ.

ವಾಸ್ಕೋ ಮೀನ್ ಗಾಡಿ

ರಾತ್ರಿ ನೋಡಿದೆನ್ರಿ ಕಾಕಾ. ಹತ್ತು ಗಂಟೆಗೆ ಗಾಡಿ ನಿಲ್ಲಿಸಿದೆ, ಒಂದು ಗಂಟೆಗೆ ಎದ್ದು ಹೋಗಿ ಕೈ ಇಟ್ಟೆ. ರೇಡಿಯೇಟರ್ ತಣ್ಣಗ, ಬ್ಲಾಕ್ ತಣ್ಣಗ ಆಗಿತ್ತು, ಡೈನಮೋ ಬೆನ್ನು ಮಾತ್ರ ಬೆಚ್ಚಗಿತ್ತು, ಚಾ ಕುಡದ ಕಪ್ಪಿನಂಗ. ಎಂಟು ತಿಂಗಳಾತು ಬ್ಯಾಟರಿ ಬಯ್ಯಕೋತ ಇದ್ದೆ. ಹೊಸಾದು ತರ್ತೀನಿ, ಭೋಸರಿ ಅಣ್ಣಾರ ಹಾಕೋದು ಹೇಳ್ರಿ.

ಭೋಸರಿ ಪಿಕಪ್

ಹೇಳ್ತೀನಿ. ಹೊಸಾದನ್ನ ಕಿವಿಯೊಳಗ ಕೂಡಿಸಬೇಕಂದ್ರ ಹೋಗಂಗೇ ಇಲ್ಲ ಅನಸ್ತೈತಿ, ಒಂದು ಎರಡು ಮಿಲಿಮೀಟರ್ ಕಮ್ಮಿ ಬೀಳ್ತೈತಿ. ಹಿಂದಿನ ಕಿವಿ ತೂತಿನ್ಯಾಗ ಒಂದು ಕಬ್ಬಿಣದ ಬುಷ್ ಐತಿ, ಅದು ಸರಕೋ ಬುಷ್, ಬೋಲ್ಟ್ ಬಿಗಿ ಮಾಡಿದಾಗ ಬ್ರಾಕೆಟಿಗೆ ಒತ್ತಿ ಕೂಡಬೇಕಂತ ಮಾಡ್ಯಾರ. ಅದನ್ನ ಸಣ್ಣ ಸುತ್ತಿಗಿಯಿಂದ ಬಡದು ಹಿಂದಕ್ಕ ಸರಿಸಿದ್ರ ಡೈನಮೋ ತಾನ ಕೂಡ್ತೈತಿ. ನನಗ ತಿಳೀಲಾರದ ಒಂದು ತಾಸು ಬ್ರಾಕೆಟ್ ಜೊತಿ ಗುದ್ದಾಡಿದೆ, ಸುತ್ತಿಗಿಲೆ ಡೈನಮೋ ಬಾಡಿನ ಬಡೀಬೇಕಂತ ಮನಸ್ಸಿಗೆ ಬಂತು. ಬಡೀಬ್ಯಾಡ್ರಿ, ಅಲ್ಯೂಮಿನಿಯಂ, ಸೀಳ್ತೈತಿ.

ಕೂಡಿಸೋಕಿಂತ ಮೊದಲ ಪಂಪಿನ ಆಯಿಲ್ ಮೂತಿಯೊಳಗ ಎರಡು ಚಮಚ ಸ್ವಚ್ಛ ಇಂಜಿನ್ ಆಯಿಲ್ ಹಾಕಿ, ಪುಲ್ಲಿ ಕೈಲೆ ಹತ್ತು ಸುತ್ತು ತಿರುವಿದೆ. ಒಳಗಿನ ಪಟ್ಟಿಗೋಳು ಒಣಾ ತಿರುಗಿದ್ರ ಮೊದಲ ನಿಮಿಷದಾಗನ ಸವೀತಾವ. ಆಮ್ಯಾಲೆ ಪೈಪ್ ಮೂರೂ, ತಾಮ್ರದ ವಾಷರ್ ಎರಡೂ, ವಯರ್. ಬಿ ಪ್ಲಸ್ ಲಗ್ ಉಸುಕಿನ ಕಾಗದ (ಸ್ಯಾಂಡ್ ಪೇಪರ್) ಹಚ್ಚಿ ಉಜ್ಜಿ ಹೊಳಪು ಬರಿಸಿ ಬಿಗಿ ಮಾಡಿ ಮ್ಯಾಲೆ ರಬ್ಬರ್ ಟೋಪಿ ಹಾಕಿದೆ. ವಾಸ್ಕೋದಾಗ ಇದು ಇನ್ನೂ ಮುಖ್ಯ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಬಿಡ್ರಿ.

ಬೆಲ್ಟ್ ಬಿಗಿ ಮಾಡುವಾಗ ಕಬ್ಬಿಣದ ರಾಡ್ ಮುಂದಿನ ಕಿವಿ ಕಡೆಯ ಬಾಡಿಗೆ ಕೊಡ್ರಿ, ಹಿಂದಿನ ಪಂಪಿಗೆ ಕೊಡಬ್ಯಾಡ್ರಿ. ಎರಡು ಪುಲ್ಲಿ ನಡಕ ಹೆಬ್ಬೆಟ್ಟಿಲೆ ಒತ್ತಿದ್ರ ಒಂದು ಸೆಂಟಿಮೀಟರ್ ತಗ್ಗಬೇಕು. ಭಾಳ ಬಿಗಿ ಮಾಡಿದ್ರ ಹೊಸಾ ಬೇರಿಂಗ್ ಮತ್ತ ಹೋಗ್ತೈತಿ. ಸಡಿಲ ಬಿಟ್ರ ಲೈಟ್ ಹಾಕಿದಾಗ ಜಾರ್ತೈತಿ. ಹೊಸಾ ಬೆಲ್ಟ್ ನೂರಾರು ಕಿಲೋಮೀಟರ್ ಓಡಿದ ಮ್ಯಾಲೆ ಸಡಲ್ತೈತಿ, ಮತ್ತೊಮ್ಮೆ ನೋಡಬೇಕು.

ಬ್ಯಾಟರಿ ಸತ್ತಿದ್ರ ಮೊದಲ ಹೊರಗ ಚಾರ್ಜ್ ಮಾಡಿ ಹಾಕ್ರಿ. ಪೂರಾ ಇಳದ ಬ್ಯಾಟರಿ ಹೊಸಾ ಡೈನಮೋ ಮ್ಯಾಲೆ ಹಾಕಿದ್ರ ಅದು ಪೂರ್ತಿ ಜೋರಿಲೆ ದುಡದು ಕಾಯ್ತೈತಿ.

ಈಗ ಬ್ರೇಕ್. ಇದನ್ನ ಬಿಟ್ಟು ಗಾಡಿ ರಸ್ತಾಕ್ಕ ಹಚ್ಚಬ್ಯಾಡ್ರಿ, ಇದೊಂದು ಮಾತಿಗಾಗಿನ ನಾ ಇಷ್ಟು ಬರದೀನಿ. ಇಂಜಿನ್ ಬಂದ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡ್ರಿ. ಕಾಲು ಒತ್ತಿ ಹಿಡಕೊಂಡ ಸ್ಟಾರ್ಟ್ ಮಾಡ್ರಿ. ಪೆಡಲ್ ತಾನ ಕೆಳಗ ತುಸು ಇಳೀಬೇಕು. ಇಳದ್ರ ಪಂಪ್ ಜಗ್ಗಲಿಕತ್ತೈತಿ. ಇಳೀಲಿಲ್ಲ ಅಂದ್ರ ಅಲ್ಲೇ ಬಂದ್ ಮಾಡ್ರಿ. ಖಾಲಿ ಗಾಡಿ ಬ್ರೇಕ್ ಹೆಂಗೋ ಹಿಡೀತೈತಿ, ಒಂದೂವರೆ ಟನ್ ತುಂಬಿಕೊಂಡು ಖಂಡಾಳಾ ಘಾಟ್ ಇಳಿಯುವಾಗ ಬೂಸ್ಟರ್ ಇಲ್ಲದ ಪೆಡಲ್ ಕಲ್ಲು ಒದ್ದಂಗ ಆಗ್ತೈತಿ.

ನಂದು ಈಗ ಬ್ಯಾಟರಿ ಮ್ಯಾಲೆ 14.2, ಲೈಟ್ ವೈಪರ್ ಬ್ಲೋವರ್ ಎಲ್ಲಾ ಹಾಕಿದ್ರ 13.9.

ಚಾಕಣ್ ನೈಟ್

ಡೈನಮೋ ಅಂತ ಯಾಕಂತಾರ ಹಂಗಾದ್ರ, ಆಲ್ಟರ್ನೇಟರ್ ಬ್ಯಾರೇನಾ?

ಕುರ್ಲಾ ವಯರಿಂಗ್

ಬೇರೆಯೇ. ಹಳೇ ಫಿಯಟ್ ಟ್ಯಾಕ್ಸಿ, ಅಂಬಾಸಿಡರ್‌ಗಳಲ್ಲಿ ನಿಜವಾದ ಡೈನಮೋ ಇತ್ತು, ಉದ್ದ ಡಬ್ಬಿಯ ಹಾಗೆ. ಅದು ನೇರ ಡಿಸಿ ಕೊಡ್ತಿತ್ತು, ಕಮ್ಯುಟೇಟರ್ (ತಿರುಗೋ ತಾಮ್ರದ ಪಟ್ಟಿಗಳ ಸುತ್ತು) ಮೇಲೆ ಕಾರ್ಬನ್ ಬ್ರಶ್ ಉಜ್ಜಿ. ಆದ್ರೆ ಇಂಜಿನ್ ನಿಧಾನ ಇದ್ದಾಗ ಏನೂ ಕೊಡ್ತಿರ್ಲಿಲ್ಲ. ದಾದರ್ ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತ್ರೆ ಲೈಟ್ ಮಂಕಾಗ್ತಿತ್ತು, ಹಸಿರು ಬಿದ್ದು ಎಕ್ಸಲೇಟರ್ ಕೊಟ್ರೆ ಪುನಃ ಬೆಳಕು. ಅಮೆರಿಕದ ಕ್ರೈಸ್ಲರ್‌ನವರು 1960ರಲ್ಲಿ ತಮ್ಮ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿ ಕೊಟ್ರು. ಅಗ್ಗದ ಸಿಲಿಕಾನ್ ಡಯೋಡ್ ಬಂದದ್ದರಿಂದ ಆದದ್ದು ಅದು. ಆಲ್ಟರ್ನೇಟರ್ ಐಡಲ್‌ನಲ್ಲೂ ಚಾರ್ಜ್ ಮಾಡ್ತದೆ, ಅದೇ ಅದರ ದೊಡ್ಡ ಗುಣ. ಯಂತ್ರ ಹೋಯ್ತು, ಹೆಸರು ನಮ್ಮ ಬಾಯಲ್ಲಿ ಉಳೀತು.

ಭೋಸರಿಯವರೇ, ಹಳೇದನ್ನು ಬಿಚ್ಚಿ ನೋಡಿದ್ರಾ? ಯಾಕೆ ಸತ್ತಿತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ ನನಗೆ ಸಮಾಧಾನ ಇಲ್ಲ.

ಭೋಸರಿ ಪಿಕಪ್

ನಿನ್ನೆ ಬಿಚ್ಚಿದೆ ಕಾಕಾ. ಹಿಂದಿನ ಪಂಪ್ ತೆಗದು ಕಟೌಟ್ ಬಿಚ್ಚಿದ್ರ ಎರಡು ಕಾರ್ಬನ್ನೂ ಒಳಗ ಹೋಗಿಬಿಟ್ಟಾವ, ಒಂದು ಮೂರು ನಾಲ್ಕು ಮಿಲಿಮೀಟರ್ ಉಳದೈತಿ, ಇನ್ನೊಂದು ಅದರಕಿಂತ ಕಮ್ಮಿ, ಸ್ಪ್ರಿಂಗಿನ ತಂತಿ ಕಾಣ್ತೈತಿ. ಕಾರ್ಬನ್ ಪುಡಿ ಒಣಾ ಇರಬೇಕಲ್ಲ, ಇದು ಕಾಡಿಗಿ ಹಂಗ ಹಸಿ, ಬಟ್ಟಿಗೆ ಮೆತ್ತಿ ಹೋಗಂಗಿಲ್ಲ. ಕಾರ್ಬನ್ ಉಜ್ಜೋ ತಾಮ್ರದ ಸ್ಲಿಪ್ ರಿಂಗ್ ಮ್ಯಾಲೆ ಎರಡು ಗೀರು ಕೊರದಾವ, ಉಗುರು ಹಾಯಿಸಿದ್ರ ಸಿಗಬೀಳ್ತೈತಿ.

ಕುರ್ಲಾ ವಯರಿಂಗ್

ಹಸಿ ಪುಡಿ ಅಂದ್ರೆ ಪಂಪಿನ ಆಯಿಲ್ ಸೀಲ್ ಹೋಗಿದೆ. ಡೈನಮೋದ ಶಾಫ್ಟೇ ಹಿಂದೆ ಹೋಗಿ ಪಂಪ್ ತಿರುಗಿಸೋದು, ನಡುವೆ ಇರೋದು ಒಂದು ರಬ್ಬರ್ ಸೀಲ್. ಅದು ಗಟ್ಟಿಯಾಗಿ ಸೋರಿದ್ರೆ ಆಯಿಲ್ ಸೀದಾ ಕಾರ್ಬನ್ ಮೇಲೆ. ಆಯಿಲಿನಲ್ಲಿ ಪುಡಿ ಸೇರಿ ಅರೆಯೋ ಪೇಸ್ಟ್ ಆಗ್ತದೆ, ಕಾರ್ಬನ್ ತಿಂತದೆ, ರಿಂಗ್ ತಿಂತದೆ. ಎರಡು ಲಕ್ಷಕ್ಕೆ ಕಾರ್ಬನ್ ಸವೆಯೋದು ಸಹಜ, ಆದ್ರೆ ನಿಮ್ಮದು ಸವೆದು ಹೋದದ್ದಲ್ಲ, ಸೀಲ್ ಕೊಂದದ್ದು. ಆ ಸೀಲಿನ ರೇಟು ಒಂದು ಊಟದಷ್ಟೂ ಇಲ್ಲ. ಇನ್ನು ಮುಂದೆ ಡೈನಮೋದ ಹಿಂದಿನ ಕಡೆ ಆಯಿಲ್ ಹನಿ ಕಂಡ್ರೆ ಆವತ್ತೇ ಬಿಚ್ಚಿಸಿ.

ನೀವು ಹೊಸದು ಹಾಕಿದ್ದು ತಪ್ಪು ಅಂತ ನಾನು ಹೇಳೋದಿಲ್ಲ, ನಿಮಗೆ ಎರಡು ದಿನ ಗಾಡಿ ನಿಲ್ಲಿಸ್ಲಿಕ್ಕೆ ಆಗೋದಿಲ್ಲ ಅಂತ ಗೊತ್ತು. ಆದ್ರೆ ಹಳೇದನ್ನು ಗುಜರಿಗೆ ಹಾಕಬೇಡಿ. ರಿಂಗಿನ ಗೀರು ಲೇಥಿಗೆ ಕೊಟ್ಟು ಸಮ ಮಾಡಿಸ್ಬಹುದು, ಕಾರ್ಬನ್, ಸೀಲ್, ಎರಡು ಬೇರಿಂಗ್ ಹಾಕಿದ್ರೆ ಅದು ಪುನಃ ಎದ್ದು ನಿಲ್ತದೆ. ವೈಂಡಿಂಗ್ ವಾಸನೆ ಹೇಗುಂಟು? ಸುಟ್ಟ ವಾರ್ನಿಷ್ ವಾಸನೆ ಇಲ್ಲದಿದ್ರೆ ಸರಿ ಇದೆ.

ಭೋಸರಿ ಪಿಕಪ್

ಸುಟ್ಟ ವಾಸನಿ ಇಲ್ರಿ, ಆಯಿಲ್ ವಾಸನಿ ಅಷ್ಟ.

ಪನ್ವೇಲ್ ಟೆಂಪೊ

ಮಾಮ, ಬಲ್ಬ್ ಇರ್ಲೇ ಇಲ್ಲ ಅಲ್ಲಿ. ಯಾರೋ ಹಿಂದೆ ಮೀಟರ್ ಬಿಚ್ಚಿದವ್ರು ಹಾಕೋದೇ ಮರ್ತಿದ್ದಾರೆ, ಜಾಗ ಖಾಲಿ. 20 ರೂಪಾಯಿ ಬಲ್ಬ್. ಈಗ ಕೀ ಹಾಕಿದ್ರೆ ಕೆಂಪು ಹತ್ತುತ್ತೆ, ಸ್ಟಾರ್ಟ್ ಮಾಡಿದ್ರೆ ಆರುತ್ತೆ, ಬ್ಯಾಟರಿ ಮೇಲೆ 14.1 ಬಂತು, ನಾನೇ ಹಿಡಿದು ನೋಡ್ದೆ. ಎರಡು ಬ್ಯಾಟರಿ ದುಡ್ಡು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ವಾಸ್ಕೋ ಮೀನ್ ಗಾಡಿ

ಅಣ್ಣಾರ, ಹಾಕಿದೆ, 14.3 ಬರ್ತೈತಿ. ಆದ್ರ ಬ್ರೇಕ್ ಪೆಡಲ್ ಕಲ್ಲು. ಸ್ಟಾರ್ಟ್ ಮಾಡಿದ್ರೂ ಒಂದು ಚೂರೂ ಇಳೀವಲ್ದು. ಗಾಡಿ ಹೊರಗ ತೆಗದಿಲ್ಲ. ನೀವು ಬರದಿರದಿದ್ರ ಸೀದಾ ಬಂದರಕ್ಕ ಹೋಗಿಬಿಡ್ತಿದ್ದೆ.

ಭೋಸರಿ ಪಿಕಪ್

ತೆಗೀಲಾರದ್ದು ಛಲೋ ಆತು. ಪಂಪಿನ ಮೂತಿಯಿಂದ ವ್ಯಾಕ್ಯೂಮ್ ಹೋಸ್ ಬಿಚ್ಚಿ, ಇಂಜಿನ್ ಐಡಲ್‌ದಾಗ ಇಟ್ಟು, ಮೂತಿಗೆ ಹೆಬ್ಬೆಟ್ಟು ಹಚ್ಚಿ ನೋಡ್ರಿ, ಬೆಲ್ಟಿನಿಂದ ಕೈ ದೂರ ಇರಲಿ. ಹೆಬ್ಬೆಟ್ಟು ಜಗ್ಗಿ ಹಿಡದ್ರ ಪಂಪ್ ಚಲೋ, ತಪ್ಪು ಹೋಸಿನ್ಯಾಗ ಐತಿ.

ವಾಸ್ಕೋ ಮೀನ್ ಗಾಡಿ

ಗಟ್ಟಿ ಜಗ್ಗತೈತಿ, ಬೆರಳಿಗೆ ಗುರುತು ಬಿತ್ತು.

ಕುರ್ಲಾ ವಯರಿಂಗ್

ಹೋಸಿನ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ವಾಲ್ವ್ ಉಂಟು, ಗಾಳಿ ಒಂದೇ ದಿಕ್ಕಿಗೆ ಬಿಡೋದು. ಅದನ್ನು ತೆಗೆದು ತೊಳೆದ್ರಾ?

ವಾಸ್ಕೋ ಮೀನ್ ಗಾಡಿ

ಹೌದ್ರಿ, ಉಪ್ಪು ಕಟ್ಟಿತ್ತು, ತೊಳದು ಒರಸಿ ಹಾಕಿದೆ.

ಕುರ್ಲಾ ವಯರಿಂಗ್

ತಿರುಗಿಸಿ ಹಾಕಿದ್ದೀರಿ. ಅದರ ಮೇಲೆ ಬಾಣದ ಗುರುತು ಇರ್ತದೆ, ಬಾಣ ಪಂಪ್ ಕಡೆ ಇರಬೇಕು. ಗುರುತು ಅಳಿಸಿದ್ರೆ ಬಾಯಿಂದ ಊದಿ ನೋಡಿ, ಬೂಸ್ಟರ್ ಕಡೆಯಿಂದ ಪಂಪ್ ಕಡೆಗೆ ಗಾಳಿ ಹೋಗಬೇಕು, ಪಂಪ್ ಕಡೆಯಿಂದ ಬೂಸ್ಟರ್ ಕಡೆಗೆ ಹೋಗಬಾರದು.

ವಾಸ್ಕೋ ಮೀನ್ ಗಾಡಿ

ಅದ ಆಗಿತ್ರಿ ಕಾಕಾ. ತಿರುವಿ ಹಾಕಿದೆ. ಕಾಲು ಒತ್ತಿ ಹಿಡದು ಸ್ಟಾರ್ಟ್ ಮಾಡಿದ್ರ ಪೆಡಲ್ ಮೆತ್ತಗ ಕೆಳಗ ಹೋತು. ಓಣಿಯೊಳಗ ಖಾಲಿ ಗಾಡಿ ಐದಾರು ಸಲ ಹಿಡದು ನೋಡಿದೆ, ಆಮ್ಯಾಲೆ ಅರ್ಧ ಲೋಡ್ ಹಾಕ್ಕೊಂಡ ನೋಡಿದೆ. ಇವತ್ತ ಮುಂಜಾನೆ ನಾಲ್ಕಕ್ಕ ತಳ್ಳೋ ಹುಡುಗ್ರನ್ನ ಎಬ್ಬಿಸಲಿಲ್ಲ, ಒಂದ ಸೆಲ್ಫಿಗೆ ಎದ್ದೈತಿ.

ಭೋಸರಿ ಪಿಕಪ್

ಭಾಳ ಸಂತೋಷ ಆತು. ಕಾಕಾ, ಬರೋ ಐತವಾರ ವಾಶಿ ಎಪಿಎಂಸಿಗೆ ಒಂದು ಲೋಡ್ ಐತಿ. ಹಳೇ ಡೈನಮೋ ತುಂಬಕೊಂಡು ಬರ್ತೀನಿ, ಸೀಲ್ ಬೇರಿಂಗ್ ಕಾರ್ಬನ್ ನಾನಾ ಪೇಠದಾಗ ತಗೊಂಡ ಬರ್ತೀನಿ. ನಿಮ್ಮ ಕಣ್ಣಿಗೆ ತ್ರಾಸ ಬ್ಯಾಡ, ನೀವು ಬಾಜೂಕ ಕುಂತು ಹೇಳ್ರಿ, ಕೈ ನಂದು.

ಕುರ್ಲಾ ವಯರಿಂಗ್

ಬನ್ನಿ ಮಾರಾಯ್ರೆ, ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬನ್ನಿ. ಬೇರಿಂಗ್ ತರುವ ಮೊದಲು ಹಳೇದರ ಮೇಲಿನ ನಂಬರ್ ಓದಿ ಬರ್ಕೊಳ್ಳಿ, ಮುಂದಿಂದು ದೊಡ್ಡದು, ಹಿಂದಿಂದು ಸಣ್ಣದು, ಎರಡರ ನಂಬರ್ ಬೇರೆ ಇರ್ತದೆ.